ಕಪ್ಪು ಪರದೆಗೆ ಬಿದ್ದ ಅಕ್ಕಿಕಾಳು

ನಮ್ಮ ಬಳಗದಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ಎಲ್ಲರಿಗೂ ನಾನು ಕಂಪ್ಯೂಟರ್ ಸರ್. ಹೆತ್ತ ತಾಯಿ ಕೂಡ ನೆಂಟರೆದುರು ಹಾಗೆಯೇ ಅನ್ನುತ್ತಾಳೆ. ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲಿನ ಮಾಳಿಗೆಯಲ್ಲಿ ನನ್ನ ಸೆಂಟರ್ ಇದೆ. ತೆಲುಗಿನಲ್ಲಿ ಪಾಠ ಹೇಳುತ್ತೇನೆ, ಫೀಸಿನ ಚೌಕಾಸಿ ಉರ್ದುವಿನಲ್ಲಿ ನಡೆಯುತ್ತದೆ, ಕನ್ನಡ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಯಾರದಾದರೂ ಪೆನ್‌ಡ್ರೈವ್ ಸತ್ತರೆ ನನ್ನ ಹತ್ತಿರ ತರುತ್ತಾರೆ. ಹತ್ತರಲ್ಲಿ ಆರಕ್ಕಾದರೂ ಜೀವ ಬರಿಸಿ ಕಳಿಸುತ್ತೇನೆ, ಉಳಿದವಕ್ಕೆ ಅವುಗಳ ಕಂಪನಿಯನ್ನು ಬೈಯುತ್ತೇನೆ. ಹೀಗಾಗಿ ನನಗೆ ಸ್ವಲ್ಪ ಸೊಕ್ಕು ಬಂದಿತ್ತು. ಅದನ್ನು ಮುಚ್ಚಿಟ್ಟುಕೊಳ್ಳುವಷ್ಟು ಜಾಣತನ ಬಂದಿರಲಿಲ್ಲ.

ಹೋದ ಬೇಸಿಗೆಯಲ್ಲಿ ತಂಗಿಯ ಮದುವೆ ತಾಂಡೂರಿನಲ್ಲಿ ಆಯಿತು. ಬೀಗರು ಬಂಡೆ ಪಾಲಿಶ್ ಮಾಡುವ ಕಾರ್ಖಾನೆ ಇಟ್ಟವರು. ಅವರ ಮನೆಯಲ್ಲಿ ಅಂಗಳದಿಂದ ಹಿತ್ತಲಿನವರೆಗೆ ಮುಖ ಕಾಣುವಂಥ ಬಂಡೆ ಹಾಸಿದ್ದಾರೆ. ಮೂಲದಲ್ಲಿ ಅವರೂ ನಮ್ಮಂತೆ ಕುರಿಯವರೇ. ಅವರ ಕುರಿಗಳು ಅಜ್ಜನ ಕಾಲಕ್ಕೇ ಮಾಯವಾದವು, ನಮ್ಮವು ಇನ್ನೂ ನನ್ನ ಸೋದರಮಾವನ ಹಿಂದೆ ಓಡಾಡುತ್ತಿವೆ. ಅಷ್ಟೇ ವ್ಯತ್ಯಾಸ. ಆದರೆ ಹೆಣ್ಣು ಕೊಡುವಾಗ ಅಷ್ಟೇ ವ್ಯತ್ಯಾಸ ಆನೆಯಷ್ಟಾಗುತ್ತದೆ.

ಮಾವ ಇರುವುದು ನಾಗಲಗಿದ್ದದ ಆಚೆಯ ಒಂದು ಹಳ್ಳಿಯಲ್ಲಿ. ಅವ್ವನ ಒಡಹುಟ್ಟಿದ ಅಣ್ಣ. ಅಜ್ಜಿ ಬೇಗ ತೀರಿಹೋದದ್ದರಿಂದ ಅವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕುರಿ ಕಾಯ್ದವನು. ಮಳೆಗಾಲ, ಬೇಸಿಗೆ ಯಾವುದಿದ್ದರೂ ಹೆಗಲ ಮೇಲೊಂದು ಕರಿ ಕಂಬಳಿ. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಹಂದರಕ್ಕೆ ತರುವವನೂ ತಾಳಿ ಬೀಳುವ ತನಕ ಅವಳ ಬೆನ್ನ ಹಿಂದೆ ನಿಲ್ಲುವವನೂ ಸೋದರಮಾವನೇ. ಅದಕ್ಕಾಗಿ ಮಾವ ಹೊಸ ರುಮಾಲು ತಂದಿಟ್ಟುಕೊಂಡಿದ್ದ. ಮದುವೆ ಇನ್ನೇನು ಬಂತು ಅನ್ನುವಾಗ ತಗ್ಗಿಗೆ ಬಿದ್ದ ಕುರಿಯೊಂದನ್ನು ಎತ್ತಲು ಇಳಿದು, ಕಾಲು ಮುರಿದುಕೊಂಡ. ಬೀಗರು ಪತ್ರಿಕೆ ಹಂಚಿಬಿಟ್ಟಿದ್ದರು. ಮುಹೂರ್ತ ಯಾರ ಕಾಲಿಗೂ ಕಾಯುವುದಿಲ್ಲ.

ನಾರಾಯಣಖೇಡದ ದವಾಖಾನೆಯ ಹಾಸಿಗೆಯ ಮೇಲಿಂದ ಮಾವ ಫೋನು ಮಾಡಿದ.

"ಮದಿವಿ ನಿಲ್ಲಸಬ್ಯಾಡ್ರಿ. ಆದ್ರ ಒಂದು ಮಾತು. ಕೂಸಿಗಿ ನಾ ಅಕ್ಕಿಕಾಳ ಹಾಕೂತನಾ ಆಕಿ ಮನ್ಯಾಗ ನೀರ್ ಸೈತ ಕುಡಿಯಂಗಿಲ್ಲ. ಸೋದರಮಾವ ಅಂದಮ್ಯಾಲ ಸುಮ್ನ ಹೋಗಿ ಉಂಡು ಬರಾಕ ಬರ್ತದೇನು?"

ಅವ್ವ ಫೋನು ಹಿಡಿದುಕೊಂಡೇ ಅತ್ತಳು. ಕಂಪ್ಯೂಟರ್ ಸರ್ ಫೋನು ಕಸಿದುಕೊಂಡು, "ಮಾವಾ, ನೀವ್ ಚಿಂತಿ ಮಾಡಬ್ಯಾಡ್ರಿ. ಇಡೀ ಮದಿವಿನೇ ನಿಮ್ಮನಿಗಿ ತರ್ತೀನಿ. ಮುಹೂರ್ತದ ಟೈಮಿಗೆ ಟೀವಿ ಮುಂದ ಕುಂತು ಅಕ್ಕಿಕಾಳ ಹಾಕ್ರಿ" ಅಂದ. ತಮಾಷೆಗೆ ಅಂದದ್ದು. ಮಾವನಿಗೆ ಅದು ತಮಾಷೆಯಾಗಿ ಕೇಳಲಿಲ್ಲ.

"ಅದು ನಡೀತದ ನೋಡು" ಅಂದ. "ಆದ್ರ ಹಾಡ್-ಗೀಡ್ ಹಚ್ಚಿದ್ದು ಬ್ಯಾಡ. ಅಯ್ನೋರ ಮಂತ್ರ, ನಮ್ಮ ಹೆಣ್ಮಕ್ಕಳ ಸೋಬಾನ, ಎಲ್ಲಾ ಇದ್ದದ್ದು ಇದ್ದಂಗ ಕೇಳ್ಬೇಕು."

ಮದುವೆಯಾಯಿತು. ಮದುಮಗಳ ಹಿಂದೆ ಅಪ್ಪನ ಕಡೆಯ ನೆಂಟರೊಬ್ಬರು ನಿಂತರು. ಕೆಲವು ದಿನ ಬಿಟ್ಟು ನಾನು ತಾಂಡೂರಿನ ಫೋಟೋ ಸ್ಟುಡಿಯೋಗೆ ಹೋದೆ. ಹಾಡು ಹಚ್ಚಿ, ಹೂವು ಉದುರಿಸಿ ತಯಾರು ಮಾಡಿದ ವಿಡಿಯೋ ಒಂದಿತ್ತು. ಬೇಡವೆಂದು ಕ್ಯಾಮೆರಾದಿಂದ ಇಳಿಸಿದ್ದನ್ನೇ ಕೇಳಿದೆ. ಹಂದರದ ಇಡೀ ಕಾರ್ಯ ಒಂದೇ ದೊಡ್ಡ ಫೈಲಿನಲ್ಲಿತ್ತು. ಮಾವನ ಊರಿನಲ್ಲಿ ಫೋನು ಹತ್ತಬೇಕಾದರೆ ಹನುಮಪ್ಪನ ಕಟ್ಟೆ ಏರಬೇಕು. ಮಾತು ಹೇಗೋ ಬರುತ್ತದೆ, ಇಂಥ ಫೈಲು ಆ ದಾರಿಯಲ್ಲಿ ಬರುವುದಿಲ್ಲ. ನನ್ನ ಸೆಂಟರಿನಲ್ಲಿರುವುದೆಲ್ಲ ಮೇಜು ಬಿಟ್ಟು ಏಳದ ಕಂಪ್ಯೂಟರುಗಳು. ಆದ್ದರಿಂದ ಮದುವೆ ಪೆನ್‌ಡ್ರೈವಿನಲ್ಲೇ, ಬಸ್ಸಿನಲ್ಲೇ ಹೋಗಬೇಕಿತ್ತು.

ಪೆನ್‌ಡ್ರೈವ್ ಮೊದಲ ಸಲಕ್ಕೇ ಮುನಿಸಿಕೊಂಡಿತು. ಒಳಗೆ ಬೇಕಾದಷ್ಟು ಜಾಗವಿದ್ದರೂ ಫೈಲು ಬಹಳ ದೊಡ್ಡದು ಅಂದಿತು. ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಹಾಗೆ: ಒಳಗೆ ಮನೆಯಷ್ಟು ಜಾಗ, ಬಾಯಿ ಮಾತ್ರ ಸಣ್ಣದು. ನಾಲ್ಕು ಜಿಬಿಗಿಂತ ದೊಡ್ಡದಾದ ಒಂದೇ ಫೈಲು ಆ ಬಾಯಲ್ಲಿ ಇಳಿಯುವುದಿಲ್ಲ. ಹೊಸ ರೀತಿಗೆ ಬದಲಿಸಿದರೆ ಇಳಿಯುತ್ತದೆ, ಆದರೆ ಆಗ ಮಾವನ ಮನೆಯ ಹಳೆಯ ಟೀವಿ ಪೆನ್‌ಡ್ರೈವನ್ನೇ ಓದುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಸ್ಟುಡಿಯೋದವನು ಬಾಯಿ ತೆರೆಯುವ ಮೊದಲೇ ಅವನ ಕುರ್ಚಿಯಲ್ಲಿ ಕೂತು, ಫೈಲನ್ನು ತುಂಡು ಮಾಡಿ, ಒಂದೊಂದಾಗಿ ಇಳಿಸಿದೆ. ಅಲ್ಲೇ ಹಾಕಿ ನೋಡಿದೆ. ತಂಗಿ ನಕ್ಕಳು, ಬಾಜಾ ಮೊಳಗಿತು. ಪೆನ್‌ಡ್ರೈವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಗೆದ್ದ ಪೈಲ್ವಾನನ ಹಾಗೆ ಬಸ್ಸು ಹತ್ತಿದೆ.

ಮರುದಿನ ಜಹೀರಾಬಾದಿನಿಂದ ನಾರಾಯಣಖೇಡ, ಅಲ್ಲಿಂದ ಆಟೋದಲ್ಲಿ ನಾಗಲಗಿದ್ದ ದಾಟಿ ಮಾವನ ಊರು. ಓಣಿಯ ಬಾಯಲ್ಲೇ ನಾನು ನಿಂತುಬಿಟ್ಟೆ. ಮಾವನ ಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಒಳಗೆ ಜಮಖಾನೆ ಹಾಸಿ, ಅತ್ತೆ ಉಣ್ಣೆ ಮಾರಿ ತಂದ ಟೀವಿಯನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟಿದ್ದರು, ಅದರ ಹಣೆಗೂ ಕುಂಕುಮ. ಓಣಿಯ ಹೆಂಗಸರು ಮದುವೆಯ ಸೀರೆ ಉಟ್ಟು ಬಂದಿದ್ದರು. ಹಿತ್ತಲಿನಲ್ಲಿ ಹುಗ್ಗಿ ಕುದಿಯುವ ವಾಸನೆ. ಮಾವ ಕಾಲಿಗೆ ಕಟ್ಟು ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ತಲೆಗೆ ಆ ಹೊಸ ರುಮಾಲು, ಹೆಗಲಿಗೆ ಅದೇ ಕಂಬಳಿ.

ಅತ್ತೆ ಅರಿಶಿನ ಹಚ್ಚಿದ ಅಕ್ಕಿಯನ್ನು ಪರಾತದಲ್ಲಿ ತಂದು ಎಲ್ಲರ ಕೈಗೂ ಹಂಚಿದಳು. ನನ್ನ ಕೈಗೂ ಹಾಕಿದಳು.

"ಹಚ್ಚಪ್ಪಾ ಕಂಪ್ಯೂಟರ್ ಸರ್" ಅಂದಳು. "ಮುಹೂರ್ತ ಮೀರೀತು!"

ಎಲ್ಲರೂ ನಕ್ಕರು. ನಾನೂ ನಕ್ಕು ಪೆನ್‌ಡ್ರೈವ್ ಚುಚ್ಚಿದೆ. ಟೀವಿ ಅದನ್ನು ಓದಿತು, ಫೈಲುಗಳ ಹೆಸರು ತೋರಿಸಿತು. ಮೊದಲನೆಯದನ್ನು ಒತ್ತಿದೆ. ಪರದೆ ಕಪ್ಪಾಯಿತು. ನಡುವೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು, ಈ ಚಿತ್ರ ನನ್ನಿಂದಾಗದು ಎಂಬರ್ಥದ್ದು. ಎರಡನೆಯದನ್ನು ಒತ್ತಿದೆ, ಅದೇ. ತೆಗೆದು ಊದಿ ಮತ್ತೆ ಚುಚ್ಚಿದೆ. ಹೊಸ ಕ್ಯಾಮೆರಾಗಳು ಚಿತ್ರವನ್ನು ಬಹಳ ಬಿಗಿಯಾಗಿ ಮಡಚಿಡುತ್ತವೆ, ಹಳೆಯ ಟೀವಿಗೆ ಆ ಮಡಿಕೆ ಬಿಡಿಸಲು ಬರುವುದಿಲ್ಲ. ಬಾಯಿಯ ಅಳತೆ ನೋಡಿ ಫೈಲು ತುಂಡು ಮಾಡಿದವನು ಮಡಿಕೆಯ ವಿಚಾರವನ್ನೇ ಮರೆತಿದ್ದೆ. ಕಂಪ್ಯೂಟರಿನಲ್ಲಿ ಆಡಿದ್ದು ಟೀವಿಯಲ್ಲೂ ಆಡುತ್ತದೆ ಎಂದು ನಂಬುವ ಹುಡುಗರಿಗೆ ನಾನು ಕ್ಲಾಸಿನಲ್ಲಿ ಕತ್ತೆ ಎಂದು ಬೈದದ್ದುಂಟು.

"ಏನ್ ಬರದದ ಅಳ್ಯಾ ಅದ್ರಾಗ?" ಮಾವ ಕೇಳಿದ.

ಬೆವರು ಒರೆಸಿಕೊಳ್ಳಲು ಹೋದರೆ ಕೈ ತುಂಬ ಅಕ್ಕಿ. ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಪ್ಪು ಪರದೆಯೊಳಗಿಂದ ಸೋಬಾನೆ ಪದ ಕೇಳಿಸಿತು. ಚಿತ್ರ ಮಡಚಿದ್ದರೂ ದನಿಯನ್ನು ಹಳೆಯ ರೀತಿಯಲ್ಲೇ ಇಟ್ಟಿರುತ್ತಾರೆ, ಅದು ಬಂತು. ನಾನು ರಿಮೋಟ್ ಎತ್ತಿದೆ.

"ತಡಿ, ಬಂದ್ ಮಾಡಬ್ಯಾಡ" ಮಾವ ಕೈಯೆತ್ತಿದ. "ಚಿತ್ರ ಹಾಳಾಗಿ ಹೋಗ್ಲಿ. ಮಾತ್ ಬರ್ಲಕತ್ಯಾವಲ್ಲ. ಕೇಳಮು."

ಅವರು ಕೇಳತೊಡಗಿದರು. ದೊಡ್ಡವರೂ ಮಕ್ಕಳೂ ಆ ಕಪ್ಪು ಪರದೆಯನ್ನೇ ನೋಡುತ್ತ, ಉಸಿರು ಹಿಡಿದು ಕೇಳಿದರು. ಇದು ಯಾರ ದನಿ, ಅದು ಯಾರ ಕೆಮ್ಮು ಎಂದು ಗುರುತು ಹಿಡಿಯುವುದೇ ಒಂದು ಆಟವಾಯಿತು. ಅಯ್ಯನವರು ಮಂತ್ರ ಹೇಳುತ್ತಿದ್ದರು. ನಡುವೆ ಯಾರೋ ಮಜ್ಜಿಗೆ ಕೇಳಿದರು, ಅತ್ತೆ ಬಿದ್ದು ಬಿದ್ದು ನಕ್ಕಳು. ನನಗೂ ಸ್ವಲ್ಪ ಉಸಿರು ಬಂತು. ಪರವಾಗಿಲ್ಲ, ಹೇಗೋ ದಾಟಿತು ಅಂದುಕೊಂಡೆ.

ಆಗ ಒಂದು ದನಿ ಬಹಳ ಹತ್ತಿರದಿಂದ ಬಂತು. ತಾಂಡೂರಿನ ಬೀಗಿತ್ತಿಯದು. ಕ್ಯಾಮೆರಾ ಹೆಂಗಸರ ಸಾಲಿನ ಪಕ್ಕದಲ್ಲೇ ನಿಂತಿತ್ತು ಎಂಬುದು ನನಗೆ ಆಗ ನೆನಪಾಯಿತು.

"ಸೋದರಮಾವ ಎಲ್ಲ್ರೀ? ಹೆಣ್ಣಿನ ಹಿಂದ ಬ್ಯಾರೆ ಯಾರೋ ನಿಂತಾರಲ್ರಿ."

"ನಮ್ಮಣ್ಣ ಸೋಲಾಪುರದಾಗ ಇರ್ತಾನ್ರಿ." ಇದು ಅವ್ವನ ದನಿ. "ಉಣ್ಣಿ ವ್ಯಾಪಾರ, ಭಾಳ ದೊಡ್ಡದದ. ಬಿಟ್ಟು ಬರಾಕ ಆಗ್ಲಿಲ್ರಿ."

"ಹಂಗಾದ್ರ ಕಾಲ್ ಮುರದದ ಅಂದ್ರಲ್ಲ, ಆ ಕುರಿ ಕಾಯವ್ರು ಯಾರ್ರೀ?"

"ಏ, ಅಂವ ಬ್ಯಾರೇರಿ" ಅಂದಳು ಅವ್ವ. "ಅಂವ ನಮ್ಮನಿ ಆಳು."

ಆ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚಿತ್ರವಿದ್ದಿದ್ದರೆ ಸೀರೆ, ಬಂಗಾರ, ಗಂಡಿನ ಟೊಪ್ಪಿಗೆ ನೋಡುತ್ತ ಈ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನೋಡಲು ಏನೂ ಇಲ್ಲದ್ದರಿಂದ ಎಲ್ಲರೂ ಕಿವಿಯಾಗಿದ್ದರು. ಮಾತು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು. ರಿಮೋಟ್ ನನ್ನ ಕೈಯಲ್ಲೇ ಇತ್ತು. ಒತ್ತಲು ಬೆರಳು ಏಳಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತೇನೆ ಅನ್ನುತ್ತಾರಲ್ಲ, ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಬಿಡಲಿಲ್ಲ.

ಅಷ್ಟರಲ್ಲಿ ಟೀವಿಯೊಳಗೆ ಅಯ್ಯನವರು ಸಾವಧಾನ ಎಂದು ಕೂಗಿದರು, ಬಾಜಾ ಒಮ್ಮೆಲೇ ಮೊಳಗಿತು. ತಾಳಿಯ ಹೊತ್ತು. ಮಾವ ಕುರ್ಚಿಯ ಕೈ ಹಿಡಿದು, ಒಂದೇ ಕಾಲಿನ ಮೇಲೆ ಎದ್ದು ನಿಂತ. ಮುಷ್ಟಿ ಬಿಚ್ಚಿ ಕಪ್ಪು ಪರದೆಯ ಮೇಲೆ ಅಕ್ಕಿಕಾಳು ಎರಚಿದ.

"ಕೂಸು ಸುಖದಾಗಿರ್ಲಿ" ಅಂದ. "ಹಾಕ್ರಿ, ಎಲ್ರೂ ಹಾಕ್ರಿ."

ಎಲ್ಲರೂ ಹಾಕಿದರು. ಅಕ್ಕಿ ಗಾಜಿಗೆ ತಾಗಿ ಟಪಟಪ ಉದುರಿತು. ಬೆವರಿಗೆ ಅಂಟಿದ ನನ್ನ ಕೈಯ ಅಕ್ಕಿ ಕೈಯಲ್ಲೇ ಉಳಿಯಿತು.

ಆಮೇಲೆ ಊಟ. ನಮ್ಮ ಕಡೆ ಮದುವೆಗೆ ಬಂದವರಿಗೆ ಟವೆಲು ಹೊದಿಸಿ ಟೊಪ್ಪಿಗೆ ಇಡುವುದು ದೊಡ್ಡ ಮರ್ಯಾದೆ, ಅದು ತಪ್ಪಿದ್ದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಮಾವ ನನ್ನನ್ನು ಮಣೆಯ ಮೇಲೆ ಕೂರಿಸಿ ಟವೆಲು ಹೊದಿಸಿದ, ಟೊಪ್ಪಿಗೆ ಇಟ್ಟ. ಮದುವೆ ತಂದವನಲ್ಲವೇ ನಾನು! ಬೇಡ ಎಂದು ಕೈ ಮುಗಿದರೂ ಬಿಡಲಿಲ್ಲ. ತಂಗಿಗೆಂದು ಒಂದು ಇಳಕಲ್ ಸೀರೆ ಕೊಟ್ಟ. ಇನ್ನೊಂದು ಸೀರೆ ತೆಗೆದು ನನ್ನ ಮಡಿಲಲ್ಲಿಟ್ಟ.

"ಇದು ನಿಮ್ಮವ್ವಂದು. ಮದಿವಿ ಮಾಡಿದಾಕಿಗಿ ತವರಮನಿ ಸೀರಿ ಬೇಕಲ್ಲ."

ನಾನು ಅವನ ಮುಖ ನೋಡಲಾರದೆ ಸೀರೆಯ ಸೆರಗನ್ನೇ ನೋಡುತ್ತ ಕೂತೆ.

ಹೊರಡುವಾಗ ಮಾವ ಬಡಿಗೆ ಊರಿಕೊಂಡು ಬಾಗಿಲ ತನಕ ಬಂದ. "ಅವ್ವಗ ಏನ್ ಹೇಳ್ತಿ?" ಎಂದು ಕೇಳಿದ. ನಾನು ಬಗ್ಗಿ ಚಪ್ಪಲಿ ಹುಡುಕತೊಡಗಿದೆ.

"ಟೀವಿ ಹತ್ತಲೇ ಇಲ್ಲ ಅಂತ ಹೇಳು. ಚಿತ್ರಾನೂ ಇಲ್ಲ, ಮಾತೂ ಇಲ್ಲ. ಅಷ್ಟೇ."

ದಾರಿಯುದ್ದಕ್ಕೂ ಅವ್ವನ ಮೇಲೆ ಕುದಿಯುತ್ತ ಬಂದೆ. ಹೆಗಲ ಮೇಲೆ ಹೊತ್ತವನನ್ನು ಆಳು ಅಂದಳಲ್ಲ, ಹೋಗಿ ಕೇಳಿಯೇ ಬಿಡುತ್ತೇನೆ ಅಂದುಕೊಂಡೆ. ಜಹೀರಾಬಾದು ಹತ್ತಿರ ಬಂದಂತೆ ನನ್ನ ಸೆಂಟರಿನ ಮೆಟ್ಟಿಲು ನೆನಪಾಯಿತು. ಮಾವ ಪೇಟೆಗೆ ಬಂದಾಗಲೆಲ್ಲ ಮಾಳಿಗೆ ಹತ್ತಿ ನನ್ನನ್ನು ನೋಡಿ ಹೋಗುತ್ತಿದ್ದ. ನಾನು ಪ್ರತಿ ಸಲವೂ, "ಇಲ್ಲಿ ಸೆಕಿ ಭಾಳದ ಮಾವಾ, ಕೆಳಗ ಕೂಡ್ರಮು ಬರ್ರಿ" ಎಂದು ಬೇಕರಿಯ ಬೆಂಚಿಗೆ ಕರೆತರುತ್ತಿದ್ದೆ. ಮಾಳಿಗೆಯ ಮೇಲೆ ಫ್ಯಾನ್ ಇತ್ತು. ಅವ್ವ ಬಾಯಿಬಿಟ್ಟು ಅಂದದ್ದನ್ನು ನಾನು ಚಹಾ ಕುಡಿಸಿ ಮಾಡಿದ್ದೆ. ಕೋಪ ಅಲ್ಲಿಗೆ ತಣ್ಣಗಾಯಿತು, ನಾಚಿಕೆ ಮಾತ್ರ ಕಾದೇ ಉಳಿಯಿತು.

ಮನೆಗೆ ಬಂದು ಟೀವಿ ಹತ್ತಲಿಲ್ಲ ಎಂದೆ.

"ಊರಿಗೆಲ್ಲಾ ಕಂಪ್ಯೂಟರ್ ಕಲಸ್ತಿ" ಅವ್ವ ಎಗರಿಬಿದ್ದಳು. "ನಮ್ಮಣ್ಣಗ ಒಂದ್ ಮದಿವಿ ತೋರ್ಸಾಕ ಆಗ್ಲಿಲ್ಲೇನೋ ನಿನಗ? ಮುರದ ಕಾಲಿಲೆ ಹಾದಿ ಕಾಯ್ತಾ ಕುಂತಿದ್ದಾನು ಪಾಪ!"

ಕಣ್ಣಲ್ಲಿ ನಿಜವಾದ ನೀರು. ಸೀರೆಯನ್ನು ಎದೆಗೆ ಒತ್ತಿಕೊಂಡು ಅಣ್ಣನ ಹೆಸರು ಹೇಳಿ ಅತ್ತಳು. ಅವಳ ಆ ಅಳುವೂ ನಿಜ, ತಾಂಡೂರಿನಲ್ಲಿ ಆ ಮಾತು ಆಡಿದ್ದೂ ನಿಜ. ಇವೆರಡನ್ನೂ ಒಂದೇ ಹೆಂಗಸಿನಲ್ಲಿ ಹೇಗೆ ಇಟ್ಟುಕೊಳ್ಳುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬಳಗದಲ್ಲಿ ಸುದ್ದಿ ಹಬ್ಬಿತು. ಸಿಕ್ಕವರೆಲ್ಲ, "ಏನ್ರಿ ಸರ್, ಟೀವಿ ಹತ್ತಿತೇನ್ರಿ?" ಎಂದು ಕೇಳಿ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ಮಾವನ ಕಾಲು ಸ್ವಲ್ಪ ಕೂಡಿಕೊಂಡ ಮೇಲೆ, ಹನುಮಪ್ಪನ ಕಟ್ಟೆ ಏರಿ ಫೋನು ಮಾಡಿದ.

"ಅಳ್ಯಾ, ಕೂಸಿನ ಮುಖ ನೋಡ್ಬೇಕಾಗ್ಯಾದ. ಅಕ್ಕಿಕಾಳ ಹಾಕೀನಿ, ಖರೆ, ಆದ್ರ ಯಾರಮ್ಯಾಲ ಹಾಕೀನಿ ಅಂತ ಕಣ್ಣಿಗಿ ಕಾಣಬೇಕಲ್ಲ. ಚಿತ್ರ ಬರೂವಂಗ ಮಾಡು." ದನಿ ತಗ್ಗಿಸಿ ಅಂದ: "ಮಾತ್ ಬ್ಯಾಡ. ನಿಮ್ಮತ್ತಿ ಓಣ್ಯಾಗಿನವರ್ನ ಮತ್ತ ಕರೀತಾಳ. ಅವ್ರು ನಿಮ್ಮವ್ವನ ಆ ಮಾತ್ ಇನ್ನೊಮ್ಮೆ ಕೇಳೂದ್ ಬ್ಯಾಡ."

ಈ ಸಲ ಅವಸರ ಮಾಡಲಿಲ್ಲ. ಚಿತ್ರದ ಮಡಿಕೆಯನ್ನೆಲ್ಲ ಬಿಡಿಸಿ ಹಳೆಯ ಟೀವಿಗಳು ಓದುವ ರೀತಿಗೆ ಬದಲಾಯಿಸಿದೆ, ತುಂಡು ಮಾಡಿದೆ, ಕೆಳಗಿನ ಬೇಕರಿಯ ಹಳೇ ಟೀವಿಗೆ ಹಾಕಿ ಪರೀಕ್ಷಿಸಿದೆ. ಕೊನೆಗೆ ದನಿಯನ್ನು ಬಿಡಿಸಿ ತೆಗೆದೆ. ಅದು ಒಂದು ಗುಂಡಿ ಒತ್ತುವ ಕೆಲಸ. ಅದರ ಜೊತೆ ಸೋಬಾನೆ ಹೋಯಿತು, ಮಂತ್ರ ಹೋಯಿತು, ಬಾಜಾ ಹೋಯಿತು. ಅವ್ವನ ಮಾತೊಂದನ್ನೇ ಕತ್ತರಿಸಿ ಉಳಿದದ್ದನ್ನು ಇಡಬಹುದಿತ್ತು. ಅದಕ್ಕೆ ಆ ಮಾತನ್ನು ಮತ್ತೆ ಮತ್ತೆ ಕೇಳಬೇಕಿತ್ತು. ನನ್ನಿಂದಾಗಲಿಲ್ಲ.

ಮತ್ತೆ ಜಮಖಾನೆ, ಮತ್ತೆ ಅಕ್ಕಿಕಾಳಿನ ಪರಾತ, ಮತ್ತೆ ಅದೇ ಜನ. ಈ ಸಲ ಚಿತ್ರ ಥಳಥಳ ಹೊಳೆಯಿತು. ಬಾಜಾದವರು ಕೆನ್ನೆ ಉಬ್ಬಿಸಿದರು, ದನಿಯಿಲ್ಲ.

"ಅಯ್ಯ ನಿನ್ನ!" ಅತ್ತೆ ಹಣೆ ಬಡಿದುಕೊಂಡಳು. "ಆಗ ಮಾತಿದ್ವು, ಚಿತ್ರ ಇರ್ಲಿಲ್ಲ. ಈಗ ಚಿತ್ರದ, ಮಾತಿಲ್ಲ. ಎರಡೂ ಕೂಡ್ಸಾಕ ಯಾವ ಸಾಲ್ಯಾಗೂ ಕಲಿಸ್ಲಿಲ್ಲೇನೋ ನಿನಗ?"

"ಈ ಟೀವಿಗಿ ಅಷ್ಟೇ ಬರ್ತದ್ರಿ ಅತ್ತಿ" ಅಂದೆ. ಮಾವ ನನ್ನ ಕಡೆ ನೋಡಲಿಲ್ಲ.

ಕ್ಯಾಮೆರಾ ಮದುಮಗಳ ಮೇಲಿಂದ ನಿಧಾನವಾಗಿ ಹೆಂಗಸರ ಸಾಲಿಗೆ ತಿರುಗಿತು. ಬೀಗಿತ್ತಿ ಏನೋ ಕೇಳಿದಳು. ಅವ್ವ ಸೆರಗನ್ನು ಬಾಯಿಗೆ ಹಿಡಿದು ಉತ್ತರ ಕೊಟ್ಟಳು. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಕೊಟ್ಟಳು. ಆ ಜಾಗ ಯಾವುದೆಂದು ನನಗೆ ಗೊತ್ತಾಯಿತು, ಮಾವನಿಗೂ ಗೊತ್ತಾಯಿತು.

"ನಿಲ್ಲಸು" ಅಂದ.

ನಿಲ್ಲಿಸಿದೆ. ಪರದೆಯ ತುಂಬ ಅವ್ವನ ಮುಖ ನಿಂತಿತು, ಆಳು ಎನ್ನುತ್ತಿರುವ ಬಾಯಿಯ ಸಮೇತ. ಮಾವ ಬಡಿಗೆ ಊರಿಕೊಂಡು ಎದ್ದು, ಟೀವಿಯ ಹತ್ತಿರ ಹೋಗಿ, ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಈಗೇನು ಅನ್ನುತ್ತಾನೋ ಎಂದು ನಾನು ರಿಮೋಟ್ ಹಿಡಿದೇ ಕಾದೆ.

"ಭಾಳ ಸೊರಗ್ಯಾಳ" ಅಂದ. "ಮದಿವಿ ಓಡಾಟದಾಗ ಉಂಡೇ ಇಲ್ಲ ನೋಡು ಆಕಿ."

ಪರಾತದಿಂದ ಒಂದಿಷ್ಟು ಅಕ್ಕಿಕಾಳು ತೆಗೆದು, ಆ ಮುಖದ ತಲೆಯ ಮೇಲೆ ಬೀಳುವ ಹಾಗೆ ಮೆಲ್ಲಗೆ ಹಾಕಿದ. ಹೊರಡುವಾಗ ಕುರಿಹಾಲಿನ ತುಪ್ಪದ ಡಬ್ಬಿಯೊಂದನ್ನು ನನ್ನ ಚೀಲದಲ್ಲಿಟ್ಟ.

ಅವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಅಣ್ಣ ನೋಡ್ದನಾ? ಏನಂದ?" ಎಂದು ಕೇಳಿದಳು.

"ನೀ ಸೊರಗೀದಿ ಅಂದ."

ಅವಳು ನಕ್ಕಳು. ಆಮೇಲೆ ನಗು ಅರ್ಧಕ್ಕೇ ನಿಂತಿತು. "ನಾನೂ ಬಂದೀನೇನು ಅದ್ರಾಗ?"

"ಬಂದೀದಿ. ಬೀಗಿತ್ತಿ ಕೂಡ ಮಾತಾಡ್ಲಕತ್ತಿದ್ದಿ."

ಮುಚ್ಚಳವನ್ನು ಡಬ್ಬಿಗೆ ಹಾಕಲು ಹೋದಳು, ಅದು ಕೂಡಲಿಲ್ಲ. "ಮಾತೂ ಕೇಳ್ತಾವೇನು?" ಎಂದು ಮೆತ್ತಗೆ ಕೇಳಿದಳು.

"ಇಲ್ಲ" ಅಂದೆ. "ಆ ಟೀವಿಗಿ ಮಾತು ಬರಂಗಿಲ್ಲ."

"ಚಲೋ ಆತು ಬಿಡು" ಅಂದು ಅವ್ವ ತುಪ್ಪದ ಡಬ್ಬಿ ಹಿಡಿದು ಒಳಗೆ ಹೋದಳು. ಆ ಹೊತ್ತು ನನಗೊಬ್ಬನಿಗೇ ಊಟಕ್ಕೆ ಬಡಿಸಿದಳು. ನನ್ನ ಅನ್ನದ ಮೇಲೆ ತುಪ್ಪ ಹಾಕಿದಳು. ತಾನು ಮಾತ್ರ ಆ ತುಪ್ಪವನ್ನು ಇವತ್ತಿನ ತನಕ ಮುಟ್ಟಿಲ್ಲ.